ಒರಳುಕಲ್ಲಿನ ಆಚೆಯ ದಂಡೆ

ರಾಣೆಬೆನ್ನೂರಿನ ನನ್ನ ತವರುಮನೆಯ ಹಿತ್ತಲಲ್ಲಿ ಒಂದು ಒರಳುಕಲ್ಲಿದೆ. ಮಿಕ್ಸರ್ ಬಂದ ಮೇಲೆ ಅದರಲ್ಲಿ ಯಾರೂ ರುಬ್ಬುವುದಿಲ್ಲ. ಮಳೆಯಾದರೆ ಅದರ ಕುಳಿಯಲ್ಲಿ ನೀರು ನಿಲ್ಲುತ್ತದೆ, ಗುಬ್ಬಿಗಳು ಬಂದು ಕುಡಿದು ಹೋಗುತ್ತವೆ. ಹಿತ್ತಲಿಗೆ ಸಿಮೆಂಟ್ ಹಾಕಿಸುವಾಗ ಗೌಂಡಿಗಳು ಅದನ್ನು ಅಲುಗಿಸಲು ನೋಡಿ, ಆಗದೆ, ಸುತ್ತಲೂ ಬಳಿದು ಹಾಗೇ ಬಿಟ್ಟರು. ಕಲ್ಲಿನ ಹಿಂದೆ ಒಂದು ಕರಿಬೇವಿನ ಗಿಡ, ಅದರ ಹಿಂದೆ ಕಾಂಪೌಂಡ್ ಗೋಡೆ. ಕಲ್ಲಿಗೂ ಗೋಡೆಗೂ ನಡುವೆ ಒಂದು ಮಗು ಕೂರುವಷ್ಟು ಜಾಗವಿದೆ.

ಕಳೆದ ಗಣೇಶನ ಹಬ್ಬಕ್ಕೆ ನಾನು ಹಾವೇರಿಯಿಂದ ಅಲ್ಲಿಗೆ ಹೋಗಿದ್ದೆ. ಆ ಮನೆಯಲ್ಲಿ ಈಗ ನನ್ನ ಅಣ್ಣ, ಅತ್ತಿಗೆ, ಅವರ ಮಗ, ಸೊಸೆ, ಆರು ವರ್ಷದ ಮೊಮ್ಮಗಳು ಇದ್ದಾರೆ. ಹಬ್ಬಕ್ಕೆಂದು ಅಣ್ಣನ ಮಗಳ ಮಗನೂ ಹುಬ್ಬಳ್ಳಿಯಿಂದ ಬಂದಿದ್ದ. ಮಧ್ಯಾಹ್ನದ ಊಟವಾದ ಮೇಲೆ ಮಕ್ಕಳಿಬ್ಬರೂ ಪಕ್ಕದ ಮನೆಯ ಹುಡುಗಿಯನ್ನು ಕರೆದುಕೊಂಡು ಹಿತ್ತಲಲ್ಲಿ ಅಜ್ಜನ ಕಥೆಯ ಆಟ ಶುರುಮಾಡಿದರು. ನಾನು ಹಿತ್ತಲ ಬಾಗಿಲಲ್ಲಿ ಕುಳಿತು ಕೊತ್ತಂಬರಿ ಸೋಸುತ್ತಿದ್ದೆ.

ಹುಡುಗ ಮೆಟ್ಟಿಲ ಮೇಲೆ ನಿಂತು ರಾಜನಾದ. ಪಕ್ಕದ ಮನೆಯವಳು ನೀರಿನ ಟಾಕಿಯ ಕಟ್ಟೆ ಹತ್ತಿ ರಾಜಕುಮಾರಿಯಾದಳು. ನಮ್ಮ ಮೊಮ್ಮಗಳು ಸುಮ್ಮನೆ ನಡೆದುಹೋಗಿ ಒರಳುಕಲ್ಲಿನ ಹಿಂದೆ ಕುಳಿತಳು. ಯಾರೂ ಅವಳಿಗೆ ಹೇಳಲಿಲ್ಲ, ಯಾರೂ ಕೈ ಮಾಡಿ ತೋರಿಸಲಿಲ್ಲ. ಇದನ್ನು ನಾನು ಸರಿಯಾಗಿ ನೋಡಿದ್ದೇನೆ. ಯುದ್ಧವಾಯಿತು, ಅವಳು ಸತ್ತಳು, ಎದ್ದು ಫ್ರಾಕಿನ ಧೂಳು ಕೊಡವಿಕೊಂಡು ನೀರು ಕುಡಿಯಲು ನನ್ನ ಹತ್ತಿರ ಬಂದಳು. ನೀನು ಯಾಕೆ ಅಲ್ಲಿ ಹೋಗಿ ಕೂತೆ ಎಂದು ಕೇಳಿದೆ.

"ನಾ ಆಚಿ ದಂಡಿಯಾಕಿ ಅಲ್ಲೇನ, ಅಜ್ಜಿ," ಅಂದಳು.

ಅವಳ ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟೂ ಇರಲಿಲ್ಲ. ತಾನು ಒಂದನೇ ಇಯತ್ತೆ ಎಂದು ಹೇಳುವ ಹಾಗೆ ಹೇಳಿದಳು. ನೀರು ಕುಡಿದು ಲೋಟ ನನ್ನ ಕೈಗೆ ಕೊಟ್ಟು ಮತ್ತೆ ಓಡಿದಳು. ನಾನು ಕೊತ್ತಂಬರಿಯ ದಂಟುಗಳನ್ನು ಎಲೆಗಳ ಬುಟ್ಟಿಗೇ ಹಾಕುತ್ತಿದ್ದೇನೆ ಎಂದು ತಿಳಿದದ್ದು ಅತ್ತಿಗೆ ಬಂದು ನೋಡಿದಾಗ.

ಅಣ್ಣನ ಕಥೆಯನ್ನು ಇಲ್ಲಿ ಹೇಳಬೇಕು. ಅವನದು ಬೀಜದ ಅಂಗಡಿ. ಹತ್ತಿ, ಮೆಣಸಿನಕಾಯಿ, ಟೊಮೆಟೊ, ಬದನೆ, ಹೀಗೆ ಹೈಬ್ರಿಡ್ ಬೀಜ ಮಾರುತ್ತಾನೆ, ರೈತರ ಹೊಲಗಳಲ್ಲಿ ಬೀಜ ಬೆಳೆಸುವ ಪ್ಲಾಟನ್ನೂ ಮಾಡಿಸುತ್ತಾನೆ. ರಾತ್ರಿಯೂಟಕ್ಕೆ ಮುಂಚೆ, ಅಂಗಡಿ ಮುಚ್ಚಿ ಬಂದು ಕೈಕಾಲು ತೊಳೆದು, ತೂಗುಮಂಚದ ಮೇಲೆ ಕುಳಿತು ಮಕ್ಕಳಿಗೆ ಕಥೆ ಹೇಳುವುದು ಅವನ ರೂಢಿ. ಅದು ಒಂದೇ ಕಥೆ, ಮುಗಿಯದ ಕಥೆ. ಹುಡುಗನಾಗಿದ್ದಾಗ ಬಾಡಿಗೆ ಪುಸ್ತಕದ ಅಂಗಡಿಯಿಂದ ತಂದು ಓದಿದ ಚಿತ್ರಕಥೆಗಳಿಂದ ಅದನ್ನು ಕಟ್ಟಿಕೊಂಡಿದ್ದ. ಹಿಮದ ಬೆಟ್ಟದ ಮೇಲೆ ಬಿಳಿ ಕೋಟೆ, ಕಬ್ಬಿಣದ ಅಂಗಿ ತೊಟ್ಟ ರಾಜ, ಮಾತಾಡುವ ಹದ್ದು, ಗೋಪುರದಲ್ಲಿ ಕೂತು ಕೂದಲು ಬಾಚಿಕೊಳ್ಳುವ ಹಾಲುಬಣ್ಣದ ರಾಜಕುಮಾರಿ. ಕೋಟೆಯ ಕೆಳಗೆ ಹೊಳೆ. ಹೊಳೆಯ ಆಚೆ ದಂಡೆಯಲ್ಲಿ ಕರಿಪಡೆ. ಅವರು ಆಗಾಗ ಹೊಳೆ ದಾಟಿ ಬರುತ್ತಾರೆ, ಸೋಲುತ್ತಾರೆ, ಹೋಗುತ್ತಾರೆ. ಗೆದ್ದವನಿಗೆ ರಾಜಕುಮಾರಿಯನ್ನು ಕೊಡುತ್ತಾರೆ.

ಹಿಮವನ್ನು ಅಣ್ಣ ನೋಡಿದ್ದು ಕ್ಯಾಲೆಂಡರಿನಲ್ಲಿ. ಆದರೆ ಹೊಳೆ ಮಾತ್ರ ಅವನು ಕಂಡದ್ದೇ, ಐರಣಿಯ ತುಂಗಭದ್ರೆ. ನಮ್ಮ ಅವ್ವನ ಕಡೆಯವರು ಅಲ್ಲಿದ್ದರು. ಚಿಕ್ಕವರಿದ್ದಾಗ ಬೆಳಿಗ್ಗೆ ದಂಡೆಗೆ ಹೋಗಿ ನಿಲ್ಲುತ್ತಿದ್ದೆವು. ಎಳೆಬಿಸಿಲಿಗೆ ಎದುರಾಗಿ ನೋಡಿದರೆ ಆಚೆ ದಂಡೆಯಲ್ಲಿ ನಿಂತವರೆಲ್ಲ ಕಪ್ಪಾಗಿಯೇ ಕಾಣುತ್ತಾರೆ.

ಅಣ್ಣನ ಸೊಸೆಯ ತವರು ಅದೇ ಆಚೆ ದಂಡೆಯ ಒಂದು ಹಳ್ಳಿ. ಅವಳು ಬ್ಯಾಡಗಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುತ್ತಾಳೆ, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಎತ್ತರದ ಹುಡುಗಿ, ಕಪ್ಪು. ಅವಳನ್ನು ನೋಡಲು ಹೋಗಿದ್ದ ದಿನ ನಮ್ಮ ಕಡೆಯ ಹೆಂಗಸೊಬ್ಬರು ಬಣ್ಣದ ಮಾತು ತೆಗೆದಿದ್ದರು. ಆಗ ಅಣ್ಣನೇ, ಹುಡುಗಿಗೆ ಓದು ಐತಿ, ಮಾತು ಐತಿ, ಇನ್ನೇನು ನೋಡೂದು ಎಂದು ಎದ್ದು ನಿಂತುಬಿಟ್ಟಿದ್ದ. ಅದನ್ನು ಅವಳು ಮರೆತಿಲ್ಲ. ಮಾವನ ಮೇಲೆ ಅವಳಿಗಿರುವ ಪ್ರೀತಿ ಎಂಥದೆಂದರೆ, ಅಣ್ಣನಿಗೆ ಸಕ್ಕರೆ ಕಾಯಿಲೆ ಬಂದಾಗ ಅವಳು ತಾನೂ ಸಕ್ಕರೆಯ ಚಹಾ ಬಿಟ್ಟಳು.

ಹಬ್ಬದ ರಾತ್ರಿ ಪಾತ್ರೆ ತೊಳೆಯುವಾಗ ನಾನು ಒರಳುಕಲ್ಲಿನ ಸಂಗತಿ ಹೇಳಿದೆ. ಅವಳಿಗೆ ಗೊತ್ತಿತ್ತು.

"ಕ್ಲಾಸಿನೊಳಗ ಇದನ್ನ ಅರ್ಧಾ ತಾಸಿನ್ಯಾಗ ಹೇಳಿ ಮುಗಸ್ತೇನ್ರಿ ಅತ್ತಿ," ಅಂದಳು. "ಇಂಥಾ ಕಥಿಯೊಳಗ ವೈರಿಗೋಳ ಬಣ್ಣ ಯಾಕ ಕಪ್ಪಿರತೈತಿ, ಹೆಣ್ಣು ಯಾಕ ಇನಾಮ ಆಗಿರತಾಳ, ಎಲ್ಲಾ. ಮನ್ಯಾಗ ವರ್ಷ ಆತು, ಬಾಯಿ ಬರವಲ್ದು."

ಹಾಗಾದರೆ ಏನು ಮಾಡೋಣ ಎಂದೆ. ಅವಳು ಕೈಯಲ್ಲಿದ್ದ ಬೋಗುಣಿಯನ್ನು ಎರಡು ಸಲ ತೊಳೆದಳು. ಹಾವೇರಿಯಲ್ಲಿ ನಮ್ಮದೊಂದು ಓದುಗರ ಬಳಗವಿದೆ, ತಿಂಗಳಿಗೊಮ್ಮೆ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಸೇರುತ್ತೇವೆ. ಅಲ್ಲಿಯ ಹುಡುಗರು ಇಂಥ ಕಲ್ಪನೆಯ ರಾಜ್ಯಗಳ ಕಾದಂಬರಿಗಳ ಬಗ್ಗೆ ಒಂದು ಚರ್ಚೆ ಇಡಿ ಎಂದು ಬಹಳ ದಿನದಿಂದ ಕೇಳುತ್ತಿದ್ದರು. ಸೊಸೆಗೆ ಅದು ಗೊತ್ತಿತ್ತು. ತಾನು ಅಲ್ಲಿ ಮಾತಾಡುತ್ತೇನೆ, ಮಾವನೂ ಬಂದು ಕಥೆ ಹೇಳಲಿ ಎಂದಳು. ಮನೆಯಲ್ಲಿ ಹೇಳಿದರೆ ಜಗಳವಾಗುತ್ತದೆ, ಬಳಗದಲ್ಲಿ ಹೇಳಿದರೆ ಚರ್ಚೆಯಾಗುತ್ತದೆ ಎಂಬುದು ಅವಳ ಲೆಕ್ಕ. ತಾನು ಏನು ಮಾತಾಡುತ್ತೇನೆಂದು ಮಾವನಿಗೆ ಮೊದಲೇ ತಿಳಿಸಿಯೂ ಇದ್ದಳು. ಅಣ್ಣ ನಕ್ಕು, ಬೈಯವ್ವಾ, ಮಂದಿ ಮುಂದ ಬೈಸ್ಕೊಂಡ್ರ ಕಥಿ ಗಟ್ಟಿ ಆಗತೈತಿ ಅಂದನಂತೆ.

ಬಳಗ ಸೇರುವ ಭಾನುವಾರ ಅಣ್ಣ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದ. ಮೊಮ್ಮಗಳನ್ನೂ ಕರೆತಂದಿದ್ದರು. ಅವಳು ಕಿಟಕಿಯ ಕೆಳಗೆ ನೆಲದ ಮೇಲೆ ಬಣ್ಣದ ಪೆನ್ಸಿಲ್ ಹರಡಿಕೊಂಡು ಚಿತ್ರ ಬರೆಯತೊಡಗಿದಳು. ಅಣ್ಣ ಕರಿಪಡೆ ಹೊಳೆ ದಾಟುವ ಭಾಗವನ್ನು ಹೇಳಿದ. ಅಷ್ಟು ಚೆನ್ನಾಗಿ ಹೇಳಿದ್ದನ್ನು ನಾನೂ ಕೇಳಿರಲಿಲ್ಲ. ಹದ್ದಿನ ದನಿ ಬಂದಾಗ ಎಲ್ಲರೂ ಮೇಲೆ ನೋಡಿದರು. ಕಥೆಯಲ್ಲಿ ಕೋಟೆಯ ಬಾಗಿಲು ತೆರೆದುಕೊಡುವ ದ್ರೋಹಿಯೊಬ್ಬನಿದ್ದಾನೆ. ಅವನ ತಾಯಿ ಆಚೆ ದಂಡೆಯವಳು. ಬೆರಕೆ ರಕ್ತದವನು ಅಂದಾಗ ಅಣ್ಣ ದನಿ ತಗ್ಗಿಸಿದ, ನಮಗೆಲ್ಲ ಭಯವಾಯಿತು. ಚಪ್ಪಾಳೆ ಬಿತ್ತು.

ಆಮೇಲೆ ಸೊಸೆ ಮಾತಾಡಿದಳು. ಅವಳು ಅಣ್ಣನ ಕಥೆಯಿಂದ ಶುರುಮಾಡಲಿಲ್ಲ, ತನ್ನಿಂದ ಶುರುಮಾಡಿದಳು. ತಾನು ಹುಡುಗಿಯಾಗಿದ್ದಾಗ ಇಂಥ ಪುಸ್ತಕಗಳನ್ನು ಊಟ ಬಿಟ್ಟು ಓದಿದವಳು, ಈಗಲೂ ಓದುತ್ತೇನೆ, ಸುಡಬೇಕೆಂದು ಹೇಳಲು ಬಂದಿಲ್ಲ ಎಂದಳು. ಆದರೆ ಓದುವಾಗಲೆಲ್ಲ ತಾನು ಯಾರ ಕುದುರೆಯ ಮೇಲೆ ಕೂತಿದ್ದೇನೆ ಎಂದು ಒಮ್ಮೆ ಕೆಳಗೆ ನೋಡುತ್ತಿದ್ದಳಂತೆ. ರಾಜನ ಹಿಂದೆ ಕೂತಿದ್ದಾಗ ಕಥೆ ಸೊಗಸಾಗಿರುತ್ತಿತ್ತು. ಕೆಳಗೆ ನೋಡಿದಾಗ ಕುದುರೆಯ ಕಾಲಡಿ ಬಿದ್ದವರೆಲ್ಲ ತನ್ನ ಬಣ್ಣದವರಾಗಿರುತ್ತಿದ್ದರು, ಗೋಪುರದ ಮೇಲೆ ನೋಡಿದರೆ ತನ್ನಂಥ ಹೆಣ್ಣೊಬ್ಬಳು ಯಾರು ಗೆಲ್ಲುತ್ತಾರೋ ಎಂದು ಕಾಯುತ್ತಿರುತ್ತಿದ್ದಳು.

ಹಾವೇರಿಯಲ್ಲಿ ಸ್ಪರ್ಧಾ ಪರೀಕ್ಷೆಗೆ ಓದುತ್ತಿರುವ ಹುಡುಗನೊಬ್ಬ ನಮ್ಮ ಬಳಗದಲ್ಲಿದ್ದಾನೆ, ಇಟ್ಟಿಗೆಯಂಥ ಇಂಗ್ಲಿಷ್ ಕಾದಂಬರಿಗಳನ್ನು ಎರಡು ದಿನದಲ್ಲಿ ಮುಗಿಸುವವನು. ಅವನು ಒಪ್ಪಲಿಲ್ಲ. ಆ ಕಾಲ ಹಾಗೇ ಇತ್ತು, ಹೆಣ್ಣುಮಕ್ಕಳನ್ನು ರಾಜರು ಹಾಗೇ ಕೊಡುತ್ತಿದ್ದರು, ಇಂದಿನ ನ್ಯಾಯವನ್ನು ಅಂದಿನವರ ಮೇಲೆ ಹೇರಬಾರದು ಎಂದ. ಅವನ ಮಾತಿನಲ್ಲಿ ಹುರುಳಿರಲಿಲ್ಲವೆಂದು ನಾನು ಹೇಳಲಾರೆ. ಹಳೆಯ ಕ್ರೌರ್ಯವನ್ನು ಬರೆಯುವುದೂ ಅದನ್ನು ಒಪ್ಪುವುದೂ ಬೇರೆ ಬೇರೆ ಎಂದೂ ಹೇಳಿದ.

"ಖರೇ ಐತಿ, ಬರಿಯೂದು ಬ್ಯಾರೆ, ಒಪ್ಪೂದು ಬ್ಯಾರೆ," ಅಂದಳು ಸೊಸೆ. "ಆದ್ರ ತಮ್ಮಾ, ಆ ಕಾಲ ಅಂದ್ರ ಯಾವ ಕಾಲ? ಈ ರಾಜ್ಯ ಯಾವ ನಕಾಶದಾಗೂ ಇಲ್ಲ. ಹದ್ದು ಮಾತಾಡಿದ್ರ ನಂಬತೀ, ಬೆಂಕಿ ಉಗುಳೂ ಹಾವು ಬಂದ್ರ ನಂಬತೀ. ಕಪ್ಪು ಹೆಣ್ಣೊಬ್ಬಾಕಿ ಗದ್ದಿಗಿ ಮ್ಯಾಲೆ ಕುಂತ್ರ ಅದೊಂದ ಸುಳ್ಳ ಅನಸ್ತೈತೇನು?"

ಹುಡುಗ ನಕ್ಕ. ಆದರೆ ಸುಮ್ಮನಾಗಲಿಲ್ಲ. ನಮ್ಮ ಬಳಗದ ಹಿರಿಯರೊಬ್ಬರು, ಇದು ಹೊರದೇಶದವರ ಬಣ್ಣದ ಜಗಳ, ನಮ್ಮಲ್ಲಿ ಭೇದ ಇರುವುದು ಜಾತಿಯಲ್ಲಿ, ಅದನ್ನು ಬಿಟ್ಟು ಇದನ್ನು ಯಾಕೆ ತಂದು ಹಚ್ಚಿಕೊಳ್ಳಬೇಕು ಎಂದು ಕೇಳಿದರು. ಸೊಸೆ ಅದನ್ನು ಅರ್ಧ ಒಪ್ಪಿದಳು. ಎರವಲು ತಂದ ಅಂಗಿ ಎಲ್ಲ ಕಡೆ ಸರಿಯಾಗಿ ಕೂರುವುದಿಲ್ಲ, ನಿಜ. ಆದರೆ ಕಥೆಯೂ ಎರವಲೇ ತಾನೆ, ಹಿಮವೂ ಎರವಲೇ, ಅವು ಬರುವಾಗ ತಮ್ಮ ಬಣ್ಣದ ಲೆಕ್ಕವನ್ನೂ ಜೊತೆಗೆ ತಂದವು, ಇಲ್ಲಿ ಮೊದಲೇ ಇದ್ದ ಲೆಕ್ಕದ ಮೇಲೆ ಕೂತವು ಎಂದಳು. ನಮ್ಮಲ್ಲಿ ಬಣ್ಣದ ಮಾತು ಇಲ್ಲ ಅನ್ನುವವರು ಹೆಣ್ಣು ನೋಡಲು ಹೋದಾಗ ಅಡುಗೆಮನೆಯಲ್ಲಿ ಹೆಂಗಸರು ಪಿಸುಗುಟ್ಟುವುದನ್ನು ಒಮ್ಮೆ ನಿಂತು ಕೇಳಬೇಕು ಎಂದಳು.

ಬ್ಯಾಡಗಿಯಿಂದ ಬರುವ ಮೆಣಸಿನಕಾಯಿ ವ್ಯಾಪಾರಿಯೊಬ್ಬರಿದ್ದಾರೆ, ವಯಸ್ಸಾದವರು, ಎಲ್ಲರೂ ಸಾವಕಾರರು ಎಂದೇ ಕರೆಯುತ್ತೇವೆ. ಯಾರಿಗೂ ನೋವಾಗದ ಹಾಗೆ ಮಾತು ಮುಗಿಸುವುದು ಅವರ ಸ್ವಭಾವ. "ನಮ್ಮ ಬಜಾರದಾಗ ನೋಡ್ರಿ, ಬಣ್ಣಕ್ಕ ಬೆಲಿ, ಖಾರಕ್ಕಲ್ಲ. ಜಗತ್ತ ಐತೇ ಹಂಗ," ಅಂದರು. ಹೇಳಿ ಮುಗಿಸುವಷ್ಟರಲ್ಲಿ ಅವರ ಕಣ್ಣು ಕಿಟಕಿಯ ಕೆಳಗಿನ ಮಗುವಿನ ಮೇಲೆ ಬಿತ್ತು. ಮುಂದಿನ ಮಾತನ್ನು ಅವರು ಹಾಗೇ ನುಂಗಿಕೊಂಡರು.

ಅಣ್ಣ ಆವರೆಗೆ ನಗುತ್ತಲೇ ಕೇಳುತ್ತಿದ್ದ. ಈಗ ತನ್ನ ಕಥೆಯ ಪರವಾಗಿ ಎರಡು ಮಾತಾಡುತ್ತೇನೆಂದ. ಇದು ಬಣ್ಣದ ವಿಷಯವಲ್ಲ, ವಂಶದ ವಿಷಯ, ರಾಜನದು ಶುದ್ಧ ತಳಿ, ತಳಿ ಕೆಟ್ಟರೆ ರಾಜ್ಯ ಕೆಡುತ್ತದೆ, ಅದಕ್ಕೇ ಆ ದ್ರೋಹಿ ಬೇಕಾಯಿತು ಎಂದ.

ಸಾವಕಾರರಿಗೆ ನಗು ತಡೆಯಲಾಗಲಿಲ್ಲ. "ಬೀಜದಂಗಡಿಯವರ, ಇದನ್ನ ನೀವ ಹೇಳತೀರಿ? ನೀವು ಊರಿಗೆಲ್ಲಾ ಮಾರೂದ ಬೆರಕಿ ಬೀಜ ಅಲ್ಲೇನು? ಶುದ್ಧ ತಳಿ ಕೇಳಿಕೋತ ಬಂದವಗ ಪೀಕು ಬರೂದಿಲ್ಲಂತ ಹೊಳ್ಳಿ ಕಳಸ್ತೀರಿ."

ಇಡೀ ಕೋಣೆ ನಕ್ಕಿತು. ಅಣ್ಣನೂ ನಕ್ಕ, ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ಚರ್ಚೆ ಅಲ್ಲಿಗೆ ಮುಗಿದಿದ್ದರೆ ಎಲ್ಲರೂ ಚಹಾ ಕುಡಿದು ಸಂತೋಷವಾಗಿ ಹೋಗುತ್ತಿದ್ದರು. ಆದರೆ ಸೊಸೆ ನಗಲಿಲ್ಲ. ಅವಳು ಮಾವನ ಕಡೆ ತಿರುಗಿ, ಬಹಳ ಮೆಲ್ಲಗೆ, ಪಕ್ಕದಲ್ಲಿ ಕೂತವರಿಗಷ್ಟೇ ಹೇಳುವಂತೆ ಹೇಳಿದಳು.

"ಮಾವಾರ, ನಾ ಮದುವ್ಯಾಗಿ ಬಂದಾಗಿಂದ ನಿಮ್ಮ ಕಥಿ ಕೇಳಾಕತ್ತೇನಿ. ಆಚಿ ದಂಡಿ ಮಂದಿ ಬರ್ತಾರ, ಬಡದಾಡತಾರ, ಸಾಯ್ತಾರ. ಅವರು ಒಂದ ದಿನಾನೂ ಕುಂತು ಊಟಾ ಮಾಡಿಲ್ರಿ."

ಅಣ್ಣ ಕಥೆಯನ್ನೆಲ್ಲ ಒಳಗೇ ಮಗುಚಿ ನೋಡುತ್ತಿದ್ದಾನೆಂದು ನನಗೆ ತಿಳಿಯುತ್ತಿತ್ತು. ಕೋಟೆಯಲ್ಲಿ ಎಷ್ಟೊಂದು ಹಬ್ಬದೂಟಗಳಿದ್ದವು, ಹದ್ದಿಗೂ ಬೆಳ್ಳಿಯ ತಟ್ಟೆಯಿತ್ತು. ಆಚೆ ದಂಡೆಯಲ್ಲಿ ಅವನಿಗೆ ಒಂದು ಒಲೆಯೂ ಸಿಗಲಿಲ್ಲ.

ಮಾತು ಬದಲಿಸಲೆಂದು ಸಾವಕಾರರು ಮಗುವನ್ನು ಕರೆದರು. ಅವರ ಉದ್ದೇಶ ಒಳ್ಳೆಯದೇ ಆಗಿತ್ತು. "ಬಾರವ್ವಾ ಇಲ್ಲೆ. ಅಜ್ಜನ ಕಥಿಯೊಳಗ ನೀನ ರಾಜಕುಮಾರಿ, ಹೌದಿಲ್ಲೋ?"

ಮೊಮ್ಮಗಳು ಪೆನ್ಸಿಲ್ ಕೆಳಗಿಡದೆ ತಲೆಯೆತ್ತಿದಳು. "ಅಲ್ಲ. ರಾಜಕುಮಾರಿ ಬೆಳ್ಳಗ ಇರತಾಳ. ನಾ ಆಚಿ ದಂಡಿಯಾಕಿ," ಅಂದಳು. ಮತ್ತೆ ಚಿತ್ರಕ್ಕೆ ಬಾಗಿದಳು.

ಅಣ್ಣನ ಕೈ ಅವನ ಮಂಡಿಯ ಮೇಲಿತ್ತು. ಆ ಕೈ ಮಂಡಿಯನ್ನು ಹಿಡಿದುಕೊಂಡಿತು. ಅವನು ಯಾರ ಮುಖವನ್ನೂ ನೋಡಲಿಲ್ಲ. ಹೌದು, ನಾ ಅವರಿಗೆ ಉಣ್ಣಾಕ ಹಾಕೇ ಇಲ್ಲ ಎಂದ. ಅದನ್ನು ಚರ್ಚೆಗೆ ಉತ್ತರವಾಗಿ ಹೇಳಿದನೋ, ತನಗೇ ಹೇಳಿಕೊಂಡನೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಚಹಾ ತರಲು ಕೆಳಗೆ ಇಳಿದೆ.

ಅಂದಿನಿಂದ ಅಣ್ಣ ಕಥೆ ಹೇಳುವುದನ್ನು ಬಿಟ್ಟ.

ಸೊಸೆ ಫೋನು ಮಾಡಿ ಹೇಳಿದಳು. ಮಾವನಿಗೆ ತನ್ನ ಮೇಲೆ ಸಿಟ್ಟಿಲ್ಲ, ಮೊದಲಿಗಿಂತ ಹೆಚ್ಚೇ ಮಾತಾಡಿಸುತ್ತಾರೆ, ಆದರೆ ಅಂಗಡಿಯಿಂದ ಬಂದವರು ಟಿವಿ ಹಚ್ಚಿಕೊಂಡು ಕೂರುತ್ತಾರೆ. ಮಗು ರೂಢಿಯಂತೆ ಹೋಗಿ ತೂಗುಮಂಚ ಹತ್ತುತ್ತದೆ, ಕಾಲಾಡಿಸುತ್ತ ಕಾಯುತ್ತದೆ. ಅಜ್ಜ ತಲೆನೋವು ಎನ್ನುತ್ತಾರೆ. ನಿನ್ನೆ ಮಲಗುವಾಗ, ಅವತ್ತು ನಾನು ತಪ್ಪು ಹೇಳಿದೆನೇನವ್ವಾ ಎಂದು ಕೇಳಿತಂತೆ.

"ನಾ ನಿಲ್ಲಸ್ರಿ ಅನ್ನಲಿಲ್ರಿ ಅತ್ತಿ," ಅಂದಳು. ಬಸ್ಸಿನಲ್ಲಿದ್ದಳು, ಸುತ್ತ ಗದ್ದಲವಿತ್ತು. "ಕಥಿ ಇರಬೇಕು. ಅದರಾಗ ನನ್ನ ಮಗಳಿಗೂ ಕುಂದ್ರಾಕ ಜಾಗಾ ಇರಬೇಕು ಅಂದೆ, ಅಷ್ಟ. ಈಗ ಕಥಿನೂ ಇಲ್ಲ, ಜಾಗಾನೂ ಇಲ್ಲ."

ಅವಳು ಬರಿಯ ಮಾತಿಗಾಗಿ ಮಾತಾಡಿದವಳಲ್ಲ. ಮಗು ಅಜ್ಜನ ತೊಡೆಯ ಮೇಲಿಂದ ಜಗತ್ತನ್ನು ನೋಡಲು ಕಲಿಯುತ್ತಿತ್ತು. ಆ ತೊಡೆ ತಪ್ಪಬಾರದು, ಅಲ್ಲಿಂದ ಕಾಣುವುದು ಮಾತ್ರ ಬೇರೆಯಾಗಬೇಕು ಎಂಬುದು ಅವಳ ಆಸೆ. ಎರಡೂ ಒಟ್ಟಿಗೆ ಆಗುತ್ತದೆಯೇ ಎಂದು ನನಗೂ ತಿಳಿಯದೆ ಮುಂದಿನ ಭಾನುವಾರ ರಾಣೆಬೆನ್ನೂರಿಗೆ ಹೋದೆ.

ಅಣ್ಣ ಐರಣಿಯ ಕಡೆ ಹತ್ತಿಯ ಬೀಜದ ಪ್ಲಾಟು ನೋಡಲು ಹೊರಟಿದ್ದ. ನಾನೂ ಬರುತ್ತೇನೆ ಅಂದೆ. ಮೊಮ್ಮಗಳು ಕೇಳದೆಯೇ ಕಾರು ಏರಿ ಕೂತಳು. ಹೊಲದಲ್ಲಿ ಹೆಂಗಸರು ಕ್ರಾಸಿಂಗ್, ಅಂದರೆ ಎರಡು ತಳಿಯ ಹೂ ಬೆರೆಸುವ ಕೆಲಸ, ಮಾಡುತ್ತಿದ್ದರು. ಹಿಂದಿನ ಸಂಜೆ ಮೊಗ್ಗಿನ ಗಂಡುಭಾಗ ಬಿಡಿಸಿ, ಕೆಂಪು ಕಾಗದದ ಸಣ್ಣ ಚೀಲ ಹಾಕಿಟ್ಟಿರುತ್ತಾರೆ. ಬೆಳಿಗ್ಗೆ ಬೇರೆ ಸಾಲಿನ ಹೂ ತಂದು, ಚೀಲ ತೆಗೆದು, ಹೂವಿಗೆ ಹೂ ತಾಗಿಸಿ, ತೊಟ್ಟಿಗೆ ಒಂದು ದಾರ ಕಟ್ಟುತ್ತಾರೆ. ದಾರ ಕಟ್ಟಿದ ಕಾಯಿ ಮಾತ್ರ ಬೀಜಕ್ಕೆ. ಮೊಮ್ಮಗಳು ಒಂದು ದಾರದ ತುದಿಯನ್ನು ಮುಟ್ಟಿ ನೋಡಿದಳು.

ಕೆಲಸದ ಹೆಂಗಸೊಬ್ಬಳು ಬೆನ್ನು ನೆಟ್ಟಗೆ ಮಾಡಿ ಅವಳನ್ನೂ ಅಣ್ಣನನ್ನೂ ಒಟ್ಟಿಗೆ ನೋಡಿದಳು. "ಯಜಮಾನ್ರ, ಮೊಮ್ಮಗಳು ಥೇಟ ನೀವ ಬಿಡ್ರಿ. ಅದ ಹಣಿ, ಅದ ಬಣ್ಣ," ಅಂದಳು. ಅಣ್ಣ ಏನೋ ಹೇಳಿ ನಕ್ಕು ಮುಂದೆ ಹೋದ.

ನಾನು ಬದುವಿನ ಮೇಲೆ ಅಲ್ಲೇ ನಿಂತೆ. ಅಣ್ಣನ ಬಣ್ಣವನ್ನು ನಾನು ಮರೆತಿದ್ದೆನೆಂದಲ್ಲ. ಒಂದೇ ಮನೆಯವರ ಮುಖವನ್ನು ನಾವು ಯಾವತ್ತೂ ಬಣ್ಣವಾಗಿ ನೋಡಿರುವುದಿಲ್ಲ. ಅವ್ವ ಅವನನ್ನು ಕರಿಯಾ ಎಂದೇ ಕರೆಯುತ್ತಿದ್ದಳು, ಮುದ್ದಿನಿಂದ. ಬಂದವರು ಅವನನ್ನೂ ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿ ನೋಡಿ, ಇಬ್ಬರೂ ಒಂದೇ ಹೊಟ್ಟೆಯವರೇನು ಎಂದು ಕೇಳುತ್ತಿದ್ದರು. ನಾನು ಬೆಳ್ಳಗಿದ್ದೆ. ಅಣ್ಣ ಆ ಕಥೆಯನ್ನು ಮೊದಲು ಹೇಳಿದ್ದು ನನಗೆ. ಹಿತ್ತಲ ಕಟ್ಟೆಯ ಮೇಲೆ ಕೂತ ಮೊದಲ ರಾಜಕುಮಾರಿ ನಾನೇ. ಓಣಿಯ ಒಬ್ಬ ಹುಡುಗ ರಾಜನಾಗುತ್ತಿದ್ದ. ಕಥೆ ಕಟ್ಟಿದ ಅಣ್ಣ ಮಾತ್ರ, ಯಾರೂ ಹೇಳದೆ, ನಡೆದುಹೋಗಿ ಅದೇ ಒರಳುಕಲ್ಲಿನ ಹಿಂದೆ ಕೂರುತ್ತಿದ್ದ.

ಹೊಲದಿಂದ ಹೊಳೆಗೆ ಹೋದೆವು. ನೀರು ಕೆಂಪಗಿತ್ತು, ದಂಡೆಯ ಕಲ್ಲುಗಳು ಅರ್ಧ ಮುಳುಗಿದ್ದವು. ಮಗು ನಮ್ಮ ಕಣ್ಣಳತೆಯಲ್ಲೇ ನುಣುಪು ಕಲ್ಲು ಆರಿಸುತ್ತಿತ್ತು. ಆಚೆ ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಬಟ್ಟೆ ಕಲ್ಲಿಗೆ ಬಿದ್ದ ಮೇಲೆ ಸದ್ದು ತಡವಾಗಿ ಬರುತ್ತಿತ್ತು.

"ಅಣ್ಣಾ," ಅಂದೆ, "ನೀನೂ ಆ ಕಲ್ಲಿನ ಹಿಂದ ಕುಂದರತಿದ್ದಿ. ನೆನಪೈತಿಲ್ಲೋ?"

ಅವನು ನೀರಿನ ಕಡೆ ತಿರುಗಿದ.

"ಐತಿ," ಅಂದ. "ಅಲ್ಲಿ ತಂಪಿತ್ತು ತಂಗಿ."

ಆಮೇಲೆ ಅವನೇ ಮುಂದುವರಿಸಿದ. "ಅವ್ವ ಶೇಂಗಾ ಬೆಲ್ಲ ಕೊಟ್ಟಿದ್ದನ್ನ ಚೊಣ್ಣದ ಕಿಸೆದಾಗ ಇಟ್ಟಕೊಂಡು ಅಲ್ಲಿ ಕುಂತು ತಿಂತಿದ್ದೆ. ನಿಮ್ಮ ಯುದ್ಧ ಶುರುವಾಗೂದು ಯಾವಾಗ್ಲೂ ತಡ. ಕರಿಬೇವಿನ ಗಿಡದಾಗ ಗುಬ್ಬಿ ಗೂಡ ಇತ್ತು, ನಿಮಗ್ಯಾರಿಗೂ ಗೊತ್ತಿರಲಿಲ್ಲ. ಸಾಯೂ ಮುಂಚೆ ನಾ ಅವನ್ನ ನೋಡಿ ಬರತಿದ್ದೆ." ಅವನ ಕಣ್ಣು ತುಂಬಿದ್ದವು. "ಎಲ್ಲಾ ಇತ್ತು ನೋಡು. ನಾನ ಹೇಳಲಿಲ್ಲ."

ಮಗು ಉಡಿಯ ತುಂಬ ಕಲ್ಲು ತಂದು ಅವನ ಮುಂದೆ ಸುರಿಯಿತು. ಅವನು ಒಂದೊಂದನ್ನೇ ತೆಗೆದು, ಒರೆಸಿ, ಅವಳ ಕೈಗೆ ವಾಪಸು ಕೊಟ್ಟ.

ಆ ಸಂಜೆ ಅಣ್ಣ ಟಿವಿ ಹಚ್ಚಲಿಲ್ಲ. ತೂಗುಮಂಚದ ಮೇಲೆ ಕೂತು ಮೊಮ್ಮಗಳನ್ನು ಎತ್ತಿ ಪಕ್ಕಕ್ಕೆ ಕೂರಿಸಿಕೊಂಡ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತಿಗೆಯ ಕೈ ನಿಂತಿತು. ಸೊಸೆ ಬಾಗಿಲ ಮರೆಯಲ್ಲೇ ನಿಂತಳು, ಹೊರಗೆ ಬರಲಿಲ್ಲ.

ಅವನು ಕೋಟೆಯಿಂದ ಶುರುಮಾಡಲಿಲ್ಲ. ಆಚೆ ದಂಡೆಯಲ್ಲಿ ಬೆಳಗಾಯಿತು ಎಂದ. ಅಲ್ಲಿಯ ಒಲೆಗಳಿಂದ ಹೊಗೆ ಎದ್ದಿತು ಎಂದ. ಆಮೇಲೆ ತಡೆದ. ಮುಂದೆ ಏನೆಂದು ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ, ಅಷ್ಟು ವರ್ಷಗಳಲ್ಲಿ ಆ ದಂಡೆಗೆ ಅವನು ಹೋಗಿಯೇ ಇರಲಿಲ್ಲ. ಮೊಮ್ಮಗಳ ಕಡೆ ಬಾಗಿ ಕೇಳಿದ. "ಅವರು ಏನ ಉಣ್ತಾರವ್ವಾ?"

ಅವಳು ಅವನ ಮುಖವನ್ನು ನೋಡಿದಳು, ಇದೂ ಪರೀಕ್ಷೆಯೇನೋ ಎಂಬಂತೆ. ಆಮೇಲೆ ಮೆಲ್ಲಗೆ, "ರೊಟ್ಟಿ," ಅಂದಳು. ಸ್ವಲ್ಪ ಬಿಟ್ಟು, "ಬೆಣ್ಣಿ. ಆಯಿ ಮನ್ಯಾಗ ಕೊಡ್ತಾಳಲ್ಲ, ಹಂಗ." ಆಯಿ ಅಂದರೆ ಅವಳ ತಾಯಿಯ ತಾಯಿ, ಹೊಳೆಯಾಚೆ ಇರುವವರು. ಆಮೇಲೆ ಅವಳು ನಿಲ್ಲಲಿಲ್ಲ. ಎಮ್ಮೆ ಬಂತು, ಎಮ್ಮೆಯ ಕರು ಬಂತು, ಜೋಳದ ಹೊಲ ಬಂತು, ಹಲ್ಲಿಲ್ಲದ ಒಬ್ಬ ಮುದುಕ ಬಂದ. ಅಣ್ಣ ಹೂಂ ಎನ್ನುತ್ತ ಕೇಳಿದ. ಕಥೆ ಹೇಳುವವನು ಹೂಂಗುಟ್ಟುವುದನ್ನು ನಾನು ಅಂದೇ ಮೊದಲು ಕಂಡೆ.

ಎಲ್ಲವೂ ಸರಿಹೋಯಿತೆಂದು ನಾನು ಬರೆಯಲಾರೆ. ಯುದ್ಧವಿಲ್ಲದ ಕಥೆಯಲ್ಲಿ ಅಣ್ಣ ಆಗಾಗ ದಾರಿ ತಪ್ಪುತ್ತಾನೆ. ಮೊದಲಿನ ರಭಸ ಇಲ್ಲ ಎಂದು ನನ್ನ ಹತ್ತಿರ ಒಮ್ಮೆ ಬೇಸರದಿಂದ ಹೇಳಿದ. ಹಾವೇರಿಯ ಆ ಹುಡುಗ ಇನ್ನೂ ಒಪ್ಪಿಲ್ಲ, ತನ್ನ ದಪ್ಪ ಪುಸ್ತಕಗಳನ್ನು ಸೊಸೆಗೆ ಓದಲು ಕೊಟ್ಟು ಕಳಿಸುತ್ತಾನೆ. ಅವಳು ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಜಗಳವಾಡಿ ವಾಪಸು ಕಳಿಸುತ್ತಾಳೆ. ಅಣ್ಣನ ಹೊಸ ಕಥೆಯನ್ನೂ ಅವಳು ಬಿಟ್ಟಿಲ್ಲ. ಆಚೆ ದಂಡೆಯವರೆಲ್ಲ ಬರೀ ಒಳ್ಳೆಯವರಾಗುತ್ತ ಹೋದಾಗ, ಒಬ್ಬಿಬ್ಬರು ಕಳ್ಳರೂ ಇರ್ಲಿರಿ ಮಾವಾರ, ಅವರೂ ಮನುಷ್ಯಾರ ಅಲ್ಲೇನು ಅಂದಳು. ಅತ್ತಿಗೆಯದು ಬೇರೆಯೇ ತಕರಾರು. ಮದುವೆಯಾಗಿ ಬಂದಾಗಿಂದ ಕೇಳುತ್ತಿದ್ದೇನೆ, ಆ ಗೋಪುರದ ಹುಡುಗಿ ಒಂದು ದಿನವೂ ಬಾಯಿ ತೆರೆದಿಲ್ಲ ಎಂದಳು. ಆಕಿ ಇನ್ನೂ ಮಾತ ಹೊಂದಸಾಕತ್ತಾಳ ಎಂದು ಅಣ್ಣ ತಪ್ಪಿಸಿಕೊಂಡ. ಅತ್ತಿಗೆ, ಹೊಂದಿಸಿದ ಮ್ಯಾಲೆ ಮೊದಲ ನಿಮಗ ಬೈತಾಳ ನೋಡಕೋರಿ ಅಂದಳು.

ದಸರೆಯ ರಜೆಗೆ ನಾನು ಮತ್ತೆ ಹೋದೆ. ಹುಬ್ಬಳ್ಳಿಯ ಹುಡುಗನೂ ಬಂದಿದ್ದ. ಬನ್ನಿ ಕೊಡುವ ದಿನ ಸಂಜೆ ಮಕ್ಕಳು ಹಿತ್ತಲಲ್ಲಿದ್ದರು. ನಾನು ಮೊದಲಿನಂತೆಯೇ ಬಾಗಿಲಲ್ಲಿ ಕುಳಿತೆ, ಈ ಸಲ ಕೈಯಲ್ಲಿ ಕೆಲಸವಿರಲಿಲ್ಲ. ಮೊಮ್ಮಗಳು ಒರಳುಕಲ್ಲಿನ ಹಿಂದೆ ಕೂತಿದ್ದಳು. ಅದನ್ನು ಕಂಡು ನಾನು ಅರ್ಧ ಎದ್ದೆ. ಆಮೇಲೆ ಸರಿಯಾಗಿ ನೋಡಿದೆ. ಒರಳಿನ ಕುಳಿಯಲ್ಲಿ ಅವಳು ಎಲೆ, ಮಣ್ಣು, ಹೊಳೆಯಿಂದ ತಂದ ಕಲ್ಲು ಹಾಕಿ ಅಡುಗೆ ಮಾಡುತ್ತಿದ್ದಳು. ಪಕ್ಕದ ಮನೆಯ ಹುಡುಗಿ ಟಾಕಿಯ ಕಟ್ಟೆಯಿಂದ ಇಳಿದು ಬಂದು ಅವಳ ಪಕ್ಕದಲ್ಲಿ ಇಕ್ಕಟ್ಟಾಗಿ ಕೂತಿದ್ದಳು.

ರಾಜನಾದ ಹುಡುಗ ಮೆಟ್ಟಿಲ ಮೇಲೆ ಒಬ್ಬನೇ ನಿಂತು ಸ್ವಲ್ಪ ಹೊತ್ತು ಕಾದ. ಯಾರೂ ಯುದ್ಧಕ್ಕೆ ಬರಲಿಲ್ಲ. ಕೊನೆಗೆ ಕೋಲನ್ನು ಗೋಡೆಗೆ ಆನಿಸಿ, ಕೈಯಲ್ಲೊಂದು ಹಿಡಿ ಬನ್ನಿ ಎಲೆ ಹಿಡಿದುಕೊಂಡು ಇಳಿದು ಬಂದ. ಕಲ್ಲಿನ ಈಚೆ ನಿಂತು, ನಾನೂ ಬರಲೇನು ಎಂದು ಕೇಳಿದ.

ಮೊಮ್ಮಗಳು ಕುಳಿಯಲ್ಲಿ ಕಡ್ಡಿಯಾಡಿಸುತ್ತ ತಲೆಯೆತ್ತದೆ ಹೇಳಿದಳು.

"ಊಟಕ್ಕ ಬರೂದಾದ್ರ ಕೈ ತೊಳ್ಕೊಂಡ ಬಾ."